ಕಾಲೇಜಿನ ವೆಬ್‌ಸೈಟಿನಿಂದ ವಿದ್ಯಾರ್ಥಿಗಳ ಮಾಹಿತಿ ತೆಗೆಸಿದ ಕೆಲಸ

ಶಿರಸಿ ಕಡೆಯ ಒಂದು ಡಿಗ್ರಿ ಕಾಲೇಜಿನಲ್ಲಿ ಪಾಠ ಮಾಡುತ್ತೇನೆ. ಅದೇ ಕ್ಯಾಂಪಸ್ಸಿನಲ್ಲಿ ಪಿಯು ಕಾಲೇಜೂ ಇದೆ. ಐಕ್ಯೂಎಸಿ, ಅಂದರೆ ಕಾಲೇಜಿನ ಆಂತರಿಕ ಗುಣಮಟ್ಟ ಘಟಕದ ಜವಾಬ್ದಾರಿ ಬಂದಾಗ, ನಮ್ಮ ವೆಬ್‌ಸೈಟಿನಲ್ಲಿ ಹೊರಗಿನವರಿಗೆ ಏನೇನು ಸಿಗುತ್ತದೆ ಎಂದು ಮೊದಲು ನೋಡಿದೆ. ಗೂಗಲ್‌ನಲ್ಲಿ ನಮ್ಮ ಸೈಟಿನೊಳಗೆ ಮಾತ್ರ ಹುಡುಕುವ ಹಾಗೆ ಮಾಡಿ, 'ಮೊಬೈಲ್', 'ಆಧಾರ್' ಎಂದು ಹಾಕಿದೆ. ವಿದ್ಯಾರ್ಥಿವೇತನ ಪಡೆದವರ ಪಟ್ಟಿಗಳು ಸಾಲಾಗಿ ಬಂದವು. ಹೆಸರು, ಜಾತಿ, ಫೋನ್ ನಂಬರ್ ಎಲ್ಲ ಇತ್ತು. ಕೆಲವದರಲ್ಲಿ ಆಧಾರ್ ಮತ್ತು ಬ್ಯಾಂಕ್ ಖಾತೆಯೂ ಇತ್ತು.

ಯಾರೂ ಬೇಕಂತ ಹಾಕಿದ್ದಲ್ಲ. ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್‌ಗೆ ದಾಖಲೆಯ ಲಿಂಕ್ ಕೊಡಬೇಕು, ಆಫೀಸಿನ ಎಕ್ಸೆಲ್ ಶೀಟು ಹಾಗೇ ಪಿಡಿಎಫ್ ಆಗಿ ಸೈಟಿಗೆ ಏರುತ್ತದೆ. ಆದರೆ ಜೋಯಿಡಾದಿಂದ ಬಂದು ಹಾಸ್ಟೆಲಿನಲ್ಲಿರುವ ಹುಡುಗಿ ತನ್ನ ನಂಬರು, ಜಾತಿ ಊರಿಗೆಲ್ಲ ಕಾಣಲಿ ಅಂತ ಅರ್ಜಿ ತುಂಬಿದ್ದಲ್ಲ, ಅಲ್ವಾ? ನನಗೆ ಅತಿ ಬೇಸರವಾದದ್ದು ಇದೇ.

ಪ್ರಾಂಶುಪಾಲರಿಗೆ ಕಾನೂನು ತೋರಿಸಿದೆ. ಆಧಾರ್ ನಂಬರನ್ನು ಸಾರ್ವಜನಿಕವಾಗಿ ಪ್ರಕಟಿಸಬಾರದು ಎಂದು 2016ರ ಆಧಾರ್ ಕಾಯ್ದೆಯ 29ನೇ ಕಲಂ ಹೇಳುತ್ತದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ, ಮಾಹಿತಿ ಕಾಪಾಡದಿದ್ದರೆ 250 ಕೋಟಿ ರೂಪಾಯಿವರೆಗೆ ದಂಡ ಹಾಕಬಹುದು. 18 ತುಂಬದವರನ್ನು ಅದು ಮಕ್ಕಳೆಂದೇ ಎಣಿಸುತ್ತದೆ. ಅಂದರೆ ನಮ್ಮ ಪಿಯು ವಿದ್ಯಾರ್ಥಿಗಳಲ್ಲಿ ಹೆಚ್ಚಿನವರು ಮಕ್ಕಳೇ. ಇದರ ನಿಯಮಗಳು ಬಂದದ್ದು 2025ರ ನವೆಂಬರ್‌ನಲ್ಲಿ, ಮುಖ್ಯ ಹೊಣೆಗಳಿಗೆ 18 ತಿಂಗಳ ಗಡುವು. "ಹಾಗಾದ್ರೆ ಇನ್ನೂ ಟೈಮ್ ಇದೆಯಲ್ಲ ಸರ್" ಎಂದರು ಕಚೇರಿಯವರು. ಆಧಾರ್ ಕಾಯ್ದೆಗೆ ಯಾವ ಗಡುವೂ ಇಲ್ಲ ಎಂದೆ. ಪ್ರಾಂಶುಪಾಲರು ಅಲ್ಲೇ ಒಪ್ಪಿಗೆ ಕೊಟ್ಟರು.

ತೆಗೆಯುವುದು ಅಂದುಕೊಂಡಷ್ಟು ಸುಲಭವಲ್ಲ. ಪುಟದಿಂದ ಲಿಂಕ್ ತೆಗೆದರೆ ಕಡತ ಹೋಗುವುದಿಲ್ಲ. ಅದು ಸರ್ವರಿನಲ್ಲೇ ಇರುತ್ತದೆ, ಹಳೆಯ ವಿಳಾಸ ಗೊತ್ತಿದ್ದವರಿಗೆ ತೆರೆಯುತ್ತದೆ. ಹಾಗಾಗಿ ಸರ್ವರಿನಿಂದಲೇ ಅಳಿಸಬೇಕು. ಆಮೇಲೆ ಸೈಟಿನ ಮಾಲೀಕರಿಗಾಗಿ ಇರುವ ಗೂಗಲ್ ಸರ್ಚ್ ಕನ್ಸೋಲ್‌ನಲ್ಲಿ ಆ ವಿಳಾಸಗಳನ್ನು ಹುಡುಕಾಟದಿಂದ ತೆಗೆಯಲು ಕೋರಬೇಕು. ಹೊಸ ಪಟ್ಟಿ ಮಾಡುವಾಗ ಎಕ್ಸೆಲ್‌ನಲ್ಲಿ ಕಾಲಂ ಮುಚ್ಚಿಟ್ಟರೆ ಸಾಲದು, ಯಾರು ಬೇಕಾದರೂ ತೆರೆಯಬಹುದು. ಪಿಡಿಎಫ್‌ನಲ್ಲಿ ನಂಬರಿನ ಮೇಲೆ ಕಪ್ಪು ಪಟ್ಟಿ ಎಳೆಯುವವರೂ ಇದ್ದಾರೆ. ಅದನ್ನು ಕಾಪಿ ಮಾಡಿ ಬೇರೆಡೆ ಅಂಟಿಸಿದರೆ ಎಷ್ಟೋ ಸಲ ಕೆಳಗಿನ ಅಕ್ಷರ ಪೂರ್ತಿ ಬರುತ್ತದೆ. ನಾವು ಬೇಡದ ಕಾಲಂಗಳನ್ನೇ ಅಳಿಸಿ, ನೋಂದಣಿ ಸಂಖ್ಯೆ ಮತ್ತು ಯೋಜನೆಯ ಹೆಸರು ಮಾತ್ರ ಉಳಿಸಿ ಹೊಸ ಪಿಡಿಎಫ್ ಮಾಡಿದೆವು. ಪೂರ್ತಿ ಪಟ್ಟಿ ಕಚೇರಿಯ ಕಪಾಟಿನಲ್ಲಿದೆ, ಪರಿಶೀಲನೆಗೆ ಬಂದವರಿಗೆ ಅಲ್ಲೇ ತೋರಿಸಬಹುದು.

ಗೂಗಲ್ ಫಾರ್ಮಿನ ಉತ್ತರಗಳ ಶೀಟು 'ಲಿಂಕ್ ಇದ್ದವರೆಲ್ಲ ನೋಡಬಹುದು' ಎಂದಿರುತ್ತಿತ್ತು. ಅದನ್ನೂ ಬದಲಿಸಿದೆವು.

ಮಾಹಿತಿ ಸೋರಿದರೆ ಏನು ಮಾಡಬೇಕು ಎಂದೂ ಬರೆದಿಟ್ಟಿದ್ದೇವೆ. ಹೊಸ ನಿಯಮದ ಪ್ರಕಾರ ಮಾಹಿತಿ ಹೋದ ಪ್ರತಿ ವಿದ್ಯಾರ್ಥಿಗೂ, ದತ್ತಾಂಶ ಸಂರಕ್ಷಣಾ ಮಂಡಳಿಗೂ ತಡಮಾಡದೆ ತಿಳಿಸಬೇಕು. ವಿವರವಾದ ವರದಿ 72 ಗಂಟೆಯೊಳಗೆ ಮಂಡಳಿಗೆ ಹೋಗಬೇಕು. ಮಳೆಗಾಲದಲ್ಲಿ ನಮ್ಮಲ್ಲಿ ಕರೆಂಟು, ನೆಟ್‌ವರ್ಕು ಒಟ್ಟಿಗೆ ಹೋಗುತ್ತವೆ. ಅದಕ್ಕೇ ಯಾರು ಯಾರಿಗೆ ಹೇಳಬೇಕು ಎಂಬ ಹಾಳೆಯನ್ನು ಮುದ್ರಿಸಿ ಕಚೇರಿಯ ಗೋಡೆಗೆ ಅಂಟಿಸಿದೆವು. ಇನ್ನು ವಾಟ್ಸ್‌ಆ್ಯಪ್ ಗ್ರೂಪುಗಳ ಕೆಲಸ ಬಾಕಿ ಇದೆ. ಅಲ್ಲಿ ಇಡೀ ತರಗತಿಯ ನಂಬರು ಎಲ್ಲರಿಗೂ ಕಾಣುತ್ತದೆ.