ಅಪ್‌ಡೇಟ್ ಬರಲಿ, ಮೇಲ್ ಉಳಿಯಲಿ

ಇಮೇಲ್ ಪ್ರೋಗ್ರಾಂನ ಅಪ್‌ಡೇಟ್ ತಡೆಯುವ ಉಪಾಯ ಹುಡುಕುವುದನ್ನು ನಾನು ಬಿಟ್ಟು ಬಹಳ ಕಾಲವಾಯಿತು. ಈಗ ಕೇಳಿಕೊಳ್ಳುವ ಪ್ರಶ್ನೆಯೇ ಬೇರೆ: ಈ ಪ್ರೋಗ್ರಾಂ ನಾಳೆ ಗುರುತೇ ಸಿಗದಂತಾದರೆ ನನ್ನ ಕೈಯಲ್ಲಿ ಏನು ಉಳಿಯುತ್ತದೆ?

ಮೊದಲು ನಾನು ಬಳಸುತ್ತಿದ್ದದ್ದು ಕಂಪ್ಯೂಟರಿನ ಜೊತೆಗೇ ಬಂದಿದ್ದ ಪ್ರೋಗ್ರಾಂ. ಅಪ್‌ಡೇಟ್ ಹೆಸರಿನಲ್ಲಿ ಅದರ ಜಾಗಕ್ಕೆ ಇನ್ನೊಂದು ಬಂದು ಕೂತಿತು. ಹಳೆಯದಕ್ಕೆ ಮರಳುವ ಬಟನ್ ಕೆಲವು ತಿಂಗಳು ಇತ್ತು, ಆಮೇಲೆ ಅದೂ ಮಾಯ. ಬಣ್ಣ, ಬಟನ್‌ಗಳ ಜಾಗ ಬದಲಾದರೆ ಕಣ್ಣಿಗೆ ಕಿರಿಕಿರಿ, ಅಷ್ಟೇ, ಬರಬರುತ್ತಾ ಒಗ್ಗುತ್ತದೆ. ಎದೆ ಧಸಕ್ಕೆಂದದ್ದು ಕಂಪ್ಯೂಟರಿನಲ್ಲೇ ಇಟ್ಟಿದ್ದ ಹಳೆಯ ಮೇಲ್‌ಗಳು ಹೊಸದರಲ್ಲಿ ಕಾಣದಿದ್ದಾಗ.

ಇದಕ್ಕೆ ಕಾರಣ ಖಾತೆಯ ಬಗೆ. ಐಮ್ಯಾಪ್ ಆದರೆ ಮೇಲ್ ಇರುವುದು ಸರ್ವರಿನಲ್ಲಿ, ಅಂದರೆ ಮೇಲ್ ಸೇವೆ ಕೊಡುವವರ ಕಂಪ್ಯೂಟರಿನಲ್ಲಿ; ಪ್ರೋಗ್ರಾಂ ಬರೀ ಕಿಟಕಿ. ಪಾಪ್3 ಆದರೆ ಮೇಲ್ ಕಂಪ್ಯೂಟರಿಗೆ ಇಳಿಯುತ್ತದೆ. ಸರ್ವರಿನಲ್ಲಿ ಒಂದು ಪ್ರತಿ ಉಳಿಸು ಎಂದು ಹೇಳಿರದಿದ್ದರೆ ಅಲ್ಲಿಂದ ಅಳಿಸಿಯೂ ಹೋಗುತ್ತದೆ. ಸೆಟ್ಟಿಂಗ್ಸ್‌ನಲ್ಲಿ ಒಳಬರುವ ಸರ್ವರಿನ ಪೋರ್ಟ್ ಎಂಬ ಸಂಖ್ಯೆ ನೋಡಿ: ಸಾಮಾನ್ಯವಾಗಿ 993 ಇದ್ದರೆ ಐಮ್ಯಾಪ್, 995 ಇದ್ದರೆ ಪಾಪ್. ನನ್ನ ಹಳೆಯ ಖಾತೆ 995ರದ್ದು.

ಮರಳುವ ಬಟನ್ ಇನ್ನೂ ಇದ್ದ ದಿನಗಳಲ್ಲೇ ಹಳೆಯದನ್ನು ತೆರೆದು, ಅದೇ ವಿಳಾಸವನ್ನು ಐಮ್ಯಾಪ್ ಖಾತೆಯಾಗಿ ಮತ್ತೊಮ್ಮೆ ಸೇರಿಸಿದೆ. ಸರ್ವರಿನಲ್ಲಿ ಜಾಗ ಸಾಲುತ್ತದೆಯೇ ನೋಡಿಕೊಂಡು, ಕಂಪ್ಯೂಟರಿನ ಫೋಲ್ಡರ್‌ಗಳಿಂದ ಮೇಲ್‌ಗಳನ್ನು ಅದಕ್ಕೆ ನಕಲಿಸಿದೆ. ಅಲ್ಲಿಗೆ ಹಾಕಿದ್ದೆಲ್ಲ ಸರ್ವರಿಗೆ ಏರುತ್ತದೆ. ಸಾವಿರಾರು ಮೇಲ್ ಒಟ್ಟಿಗೆ ಏರಿಸಿದರೆ ನಡುವೆ ಸಿಕ್ಕಿಕೊಳ್ಳುತ್ತದೆ, ಹಾಗಾಗಿ ವರ್ಷಕ್ಕೊಂದು ಫೋಲ್ಡರ್ ಮಾಡಿ ಸ್ವಲ್ಪಸ್ವಲ್ಪವೇ ಸಾಗಿಸಿದೆ. ಎರಡೂ ಕಡೆಯ ಲೆಕ್ಕ ತಾಳೆಯಾಗುವ ತನಕ ಮೂಲ ಅಳಿಸಲಿಲ್ಲ. ಬೇಜಾರಿನ ಕೆಲಸ, ಆದರೆ ಇಡೀ ವ್ಯವಹಾರದಲ್ಲಿ ನಿಜಕ್ಕೂ ಉಪಯೋಗಕ್ಕೆ ಬಂದದ್ದು ಇದೇ.

ಆಮೇಲೆ ಥಂಡರ್‌ಬರ್ಡ್ ಎಂಬ ಇನ್ನೊಂದು ಇಮೇಲ್ ಪ್ರೋಗ್ರಾಂಗೆ ಬಂದೆ. ಅದಕ್ಕೇನು ಅಪ್‌ಡೇಟ್ ಬರುವುದಿಲ್ಲವೆಂದಲ್ಲ, ಧಾರಾಳವಾಗಿ ಬರುತ್ತದೆ. ಆದರೆ ಅಪ್‌ಡೇಟ್ ಇದ್ದರೆ ತಿಳಿಸು, ಹಾಕುವುದು ಬಿಡುವುದು ನನಗೆ ಬಿಡು ಎನ್ನುವ ಆಯ್ಕೆ ಅದರ ಸೆಟ್ಟಿಂಗ್ಸ್‌ನಲ್ಲಿದೆ. ಇಎಸ್‌ಆರ್ ಎಂಬ ಆವೃತ್ತಿ ಹಾಕಿಕೊಂಡರೆ ದೊಡ್ಡ ಬದಲಾವಣೆ ವರ್ಷಕ್ಕೊಮ್ಮೆ ಮಾತ್ರ. ನಡುವೆ ಬರುವುದು ಭದ್ರತೆಯ ಮತ್ತು ದೋಷಗಳ ತಿದ್ದುಪಡಿ.

ಆ ತಿದ್ದುಪಡಿಗಳನ್ನು ನಾನು ಮುಂದೂಡುವುದಿಲ್ಲ. ಗುರುತು ಪರಿಚಯ ಇಲ್ಲದವರು ಕಳಿಸಿದ್ದನ್ನು ದಿನವಿಡೀ ತೆರೆಯುವುದೇ ಈ ಪ್ರೋಗ್ರಾಂನ ಕೆಲಸವಲ್ಲವೇ? ಅಪ್‌ಡೇಟನ್ನೇ ಪೂರ್ತಿ ಬಂದ್ ಮಾಡಿ ಎನ್ನುವವರು ಇದನ್ನು ಮರೆಯುತ್ತಾರೆ. ಹಳೆಯದನ್ನೇ ಹಿಡಿದು ಕೂತರೆ ಮೇಲ್ ಸರ್ವರ್ ಕೂಡ ಒಳಗೆ ಬಿಡದಿರಬಹುದು. 2022ರ ಮೇ 30ರಿಂದ ಜಿಮೇಲ್ ಬರೀ ಹೆಸರು, ಪಾಸ್‌ವರ್ಡ್ ಕೊಟ್ಟು ಬರುವ ಪ್ರೋಗ್ರಾಂಗಳಿಗೆ ಬಾಗಿಲು ಮುಚ್ಚತೊಡಗಿತು. ಪಾಸ್‌ವರ್ಡನ್ನು ಪ್ರೋಗ್ರಾಂಗೆ ಕೊಡದೆ ಗೂಗಲ್ ಪುಟದಲ್ಲೇ ಲಾಗಿನ್ ಆಗುವ ಓಆತ್ ವಿಧಾನ ಗೊತ್ತಿಲ್ಲದ ಹಳೆಯ ಪ್ರೋಗ್ರಾಂಗಳಿಗೆ ಉಳಿದದ್ದು ಆ್ಯಪ್ ಪಾಸ್‌ವರ್ಡ್ ಎಂಬ ಅಡ್ಡದಾರಿ, ಅಂದರೆ ಆ ಪ್ರೋಗ್ರಾಂಗೆಂದೇ ಗೂಗಲ್ ಮಾಡಿಕೊಡುವ ಬೇರೊಂದು ಪಾಸ್‌ವರ್ಡ್.

ವರ್ಷದ ದೊಡ್ಡ ಅಪ್‌ಡೇಟಿಗೆ ಹೂಂ ಅನ್ನುವ ಮೊದಲು ಪ್ರೋಗ್ರಾಂ ಮುಚ್ಚಿ, ಮೇಲ್, ಖಾತೆ, ಸೆಟ್ಟಿಂಗ್ಸ್ ಎಲ್ಲ ಇರುವ ಪ್ರೊಫೈಲ್ ಫೋಲ್ಡರನ್ನು ಇಡಿಯಾಗಿ ಹೊರಗಿನ ಡಿಸ್ಕಿಗೆ ನಕಲಿಸುತ್ತೇನೆ. ಅದರ ಜಾಗ ಹೆಲ್ಪ್ ಮೆನುವಿನ ಟ್ರಬಲ್‌ಶೂಟಿಂಗ್ ಪುಟದಲ್ಲಿ ಸಿಗುತ್ತದೆ. ಹೊಸ ಆವೃತ್ತಿ ಒಮ್ಮೆ ಮುಟ್ಟಿದ ಪ್ರೊಫೈಲನ್ನು ಹಳೆಯ ಆವೃತ್ತಿ ಸುಮ್ಮನೆ ತೆರೆಯುವುದಿಲ್ಲ, ಹೊಸ ಪ್ರೊಫೈಲ್ ಮಾಡಿಕೋ ಎನ್ನುತ್ತದೆ. ಹಿಂದಿನ ನಕಲಿದ್ದರೆ ವಾಪಸ್ ಹೋಗುವುದು ಸುಲಭ. ಉಳಿಸಿದ ಪಾಸ್‌ವರ್ಡ್‌ಗಳೂ ಅದರೊಳಗೇ ಇರುವುದರಿಂದ ಆ ಡಿಸ್ಕನ್ನು ಎಲ್ಲೆಂದರಲ್ಲಿ ಇಡಬೇಡಿ.

ಫಿಲ್ಟರ್‌ಗಳನ್ನು ಮಾತ್ರ ಪ್ರೋಗ್ರಾಂನಲ್ಲಿ ಇಟ್ಟುಕೊಂಡಿಲ್ಲ. ವೆಬ್‌ಮೇಲ್‌ಗೆ ಹೋಗಿ ಸರ್ವರಿನಲ್ಲೇ ಬರೆದಿದ್ದೇನೆ. ಈಗ ಬಿಲ್‌ಗಳು ಬಿಲ್ಲಿನ ಫೋಲ್ಡರಿಗೆ ಹೋಗಿ ಬೀಳಲು ಕಂಪ್ಯೂಟರ್ ತೆರೆದಿರಬೇಕೆಂದೂ ಇಲ್ಲ.