ಬಿಯರ್ ಲೇಬಲ್ ಡಿಸೈನ್ ಮಾಡೋದು ಹೇಗೆ: ಚಿತ್ರ ಆಮೇಲೆ, ಮೊದಲು ಕ್ಯಾನ್ ಸುತ್ತಳತೆ ತಗೊಳ್ಳಿ

ಕ್ರಾಫ್ಟ್ ಬಿಯರ್ ಲೇಬಲ್‌ಗೆ ಚಿತ್ರ ಬಿಡಿಸೋಕೆ ಕೂತ ಹೊಸಬರು ಸಾಮಾನ್ಯವಾಗಿ ಸ್ಕ್ರೀನ್ ಮೇಲೆ ಒಂದು ಚೌಕ ಓಪನ್ ಮಾಡ್ಕೊಂಡು ಅದರ ಮಧ್ಯಕ್ಕೆ ಒಂದು ಹುಲಿನೋ ಗಗನಯಾತ್ರಿನೋ ಇಟ್ಟು ಸುತ್ತ ಬಿಯರ್‌ಗೆ ಕಹಿ ಕೊಡೋ ಹಾಪ್ಸ್ ಬಳ್ಳಿ ಹಬ್ಬಿಸಿಬಿಡ್ತಾರೆ. ಸ್ಕ್ರೀನಲ್ಲಿ ಸೂಪರ್ರಾಗೇ ಕಾಣುತ್ತೆ. ಅದೇ ಚಿತ್ರನ ಕ್ಯಾನ್‌ಗೆ ಸುತ್ತಿ ನೋಡಿ, ಹುಲಿ ಬಾಲ ಎಲ್ಲೋ ಹಿಂದೆ ಹೋಗಿರುತ್ತೆ, ಹೆಸರಿನ ಕೊನೆ ಎರಡಕ್ಷರ ಕಾಣಲ್ಲ, ಬಾರ್‌ಕೋಡ್‌ಗೆ ಜಾಗನೇ ಇರಲ್ಲ. ಅದಕ್ಕೆ ಈ ಕೆಲಸನ ತಿರುವುಮುರುವು ಮಾಡಬೇಕು, ಮೊದಲು ಡಬ್ಬದ ಲೆಕ್ಕ, ಆಮೇಲೆ ಕಡ್ಡಾಯವಾಗಿ ಇರಬೇಕಾದ ಬರಹ, ಉಳಿದ ಜಾಗದಲ್ಲಿ ಚಿತ್ರ.

ಅಳತೆ ಮತ್ತು ಡೈಲೈನ್

ಸಾಮಾನ್ಯ 330 ಎಂಎಲ್ ಕ್ಯಾನ್ ತಗೊಳ್ಳಿ. ಅದರ ವ್ಯಾಸ ಹೆಚ್ಚುಕಮ್ಮಿ 66 ಎಂಎಂ, 3.14ರಿಂದ ಗುಣಿಸಿದ್ರೆ ಸುತ್ತಳತೆ 207 ಎಂಎಂ. ಅಷ್ಟುದ್ದ ಜಾಗ ಇದೆ ಅಂತ ಖುಷಿಪಡೋ ಮುಂಚೆ ಕ್ಯಾನ್‌ನ ಕಣ್ಣಿನ ಎತ್ತರಕ್ಕೆ ಹಿಡಿದು ನೋಡಿ, ಎದುರಿಂದ ಲೆಕ್ಕಕ್ಕೆ ಅರ್ಧ ಸುತ್ತು ಕಂಡ್ರೂ ಅಂಚಿನ ಭಾಗ ವಾರೆಯಾಗಿ ಕುಗ್ಗಿಬಿಡುತ್ತೆ, ಆರಾಮಾಗಿ ಓದೋಕೆ ಸಿಗೋದು ಸುತ್ತಳತೆಯ ಮೂರನೇ ಒಂದು ಭಾಗ, ಅಂದ್ರೆ 70 ಎಂಎಂ ಒಳಗೆ. ಬಿಯರ್ ಹೆಸರು, ಬ್ರೂವರಿ ಹೆಸರು, ಚಿತ್ರದ ಮುಖ್ಯ ಆಕೃತಿ ಮೂರೂ ಅಷ್ಟರೊಳಗೆ ಬರಬೇಕು. ಇನ್ನುಳಿದ ಮೂರನೇ ಎರಡು ಭಾಗ ಕೈಗೆತ್ತಿಕೊಂಡು ತಿರುಗಿಸಿದವರಿಗೆ ಸಿಗೋ ಬೋನಸ್, ಅಲ್ಲಿ ಚಿತ್ರದ ಕಥೆ ಮುಂದುವರಿಸಬಹುದು, ಮುಂದಿನಿಂದ ಬಾಲ ಮಾತ್ರ ಕಾಣೋ ಪ್ರಾಣಿ ಹಿಂದೆ ತಿರುಗಿಸಿದ್ರೆ ಏನ್ಮಾಡ್ತಿದೆ ಅಂತ ತೋರಿಸಬಹುದು. ಸುತ್ತೋ ಲೇಬಲ್‌ನ ನಿಜವಾದ ಮಜಾ ಇರೋದೇ ಅಲ್ಲಿ.

ಕ್ಯಾನ್ ಮೇಲೂ ಕೆಳಗೂ ಒಳಕ್ಕೆ ಬಾಗಿರುತ್ತೆ, ಲೇಬಲ್ ಕೂರೋದು ನೆಟ್ಟಗಿರೋ ಭಾಗದ ಮೇಲೆ ಮಾತ್ರ. ಬಾಟಲಿ ಆದ್ರೆ ಭುಜದ ಭಾಗ ಶಂಕುವಿನ ಆಕಾರದಲ್ಲಿರುತ್ತೆ, ಅಲ್ಲಿಗೆ ನೇರ ಪಟ್ಟಿ ಅಂಟಿಸಿದ್ರೆ ಸುಕ್ಕು ಗ್ಯಾರಂಟಿ, ಬಿಲ್ಲಿನ ಹಾಗೆ ಬಾಗಿದ ಲೇಬಲ್ ಬೇಕು. ಇದನ್ನೆಲ್ಲ ಊಹೆ ಮೇಲೆ ಮಾಡಬೇಡಿ. ಪ್ರಿಂಟರ್ ಹತ್ರ ಡೈಲೈನ್ ಫೈಲ್, ಅಂದ್ರೆ ಲೇಬಲ್ ಕಟ್ ಮಾಡೋ ಗೆರೆಗಳ ನಕ್ಷೆ, ಕೇಳಿ ತರಿಸ್ಕೊಳ್ಳಿ, ಎಲ್ಲಿ ಕಟ್ ಆಗುತ್ತೆ, ಎರಡು ತುದಿ ಒಂದರ ಮೇಲೊಂದು ಎಷ್ಟು ಕೂರುತ್ತೆ, ರೋಲ್‌ನಿಂದ ಯಾವ ಅಂಚು ಮೊದಲು ಹೊರಗೆ ಬರಬೇಕು ಎಲ್ಲ ಅವರಿಗೇ ಗೊತ್ತಿರೋದು. ರೋಲ್ ದಿಕ್ಕು ಉಲ್ಟಾ ಆದ್ರೆ ಲೇಬಲಿಂಗ್ ಮೆಷಿನ್‌ನಲ್ಲಿ ಹುಲಿ ತಲೆಕೆಳಗಾಗಿ ಅಂಟ್ಕೊಳ್ಳುತ್ತೆ. ಕಟ್ ಗೆರೆಯಿಂದ ಹೊರಗೆ 3 ಎಂಎಂ ಬ್ಲೀಡ್ ಬಿಡಿ, ಅಂದ್ರೆ ಹಿನ್ನೆಲೆ ಬಣ್ಣ ಅಷ್ಟು ಹೊರಗೆ ಚಾಚಿರಲಿ, ಒಳಗೂ ಅಷ್ಟೇ ಜಾಗದಲ್ಲಿ ಅಕ್ಷರ ಇಡಬೇಡಿ.

ಮೊದಲು ಬೋರಿಂಗ್ ಕೆಲಸ

ಆಲ್ಕೋಹಾಲ್ ಪ್ರಮಾಣ, ಎಷ್ಟು ಎಂಎಲ್, ತಯಾರಕರ ವಿಳಾಸ, ಎಚ್ಚರಿಕೆ ಸಾಲು, ಬಾರ್‌ಕೋಡ್, ಬ್ಯಾಚ್ ನಂಬರ್‌ಗೆ ಖಾಲಿ ಜಾಗ, ಇವನ್ನೆಲ್ಲ ಚಿತ್ರಕ್ಕೆ ಮುಂಚೆನೇ ಡೈಲೈನ್ ಮೇಲೆ ಇಟ್ಟುಬಿಡಿ. ರೂಲ್ಸ್ ದೇಶಕ್ಕೊಂದು ಥರ. ಯುರೋಪಿಯನ್ ಯೂನಿಯನ್‌ನಲ್ಲಿ ಕಡ್ಡಾಯ ಮಾಹಿತಿಯ ಸಣ್ಣಕ್ಷರ ಸಾಮಾನ್ಯವಾಗಿ ಕನಿಷ್ಠ 1.2 ಎಂಎಂ ಎತ್ತರ ಇರಬೇಕು, ಅಮೆರಿಕದಲ್ಲಿ 1988ರ ಕಾಯ್ದೆ ಪ್ರಕಾರ ಆರೋಗ್ಯದ ಎಚ್ಚರಿಕೆ ಕಡ್ಡಾಯ, ಅದರ ತಲೆಬರಹದ ಎರಡು ಪದ ದಪ್ಪ ದೊಡ್ಡಕ್ಷರದಲ್ಲೇ ಇರಬೇಕು, 330 ಎಂಎಲ್‌ನಂಥ ಸೈಜ್‌ಗೆ ಕನಿಷ್ಠ 2 ಎಂಎಂ ಎತ್ತರ. ಮಾರೋ ಜಾಗದ ನಿಯಮ ಬ್ರೂವರಿಯವರಿಂದ ಬರವಣಿಗೆಯಲ್ಲೇ ತಗೊಳ್ಳಿ, ಬಾಯಿಮಾತು ಬೇಡ.

ಚಿತ್ರಕ್ಕೂ ಒಂದು ನಿಯಮ ಇದೆ, ಇಲ್ಲಸ್ಟ್ರೇಟರ್‌ಗಳು ಎಡವೋದು ಹೆಚ್ಚಾಗಿ ಇಲ್ಲೇ. ಮಕ್ಕಳನ್ನ ಸೆಳೆಯೋ ಥರ ಇರಬಾರದು ಅನ್ನೋದು ಬಹಳ ಕಡೆ ಇದೆ, ಬ್ರಿಟನ್ನಿನ ಮದ್ಯ ಉದ್ಯಮದ ಸಂಸ್ಥೆ ಪೋರ್ಟ್‌ಮನ್ ಗ್ರೂಪ್‌ನ ನಿಯಮಾವಳಿಯಲ್ಲಿ 18 ವರ್ಷದೊಳಗಿನವರಿಗೆ ವಿಶೇಷ ಆಕರ್ಷಣೆ ಇರಬಾರದು ಅಂತ ಸ್ಪಷ್ಟವಾಗೇ ಇದೆ. ದುಂಡು ಕಣ್ಣಿನ ಗೊಂಬೆ, ಮಿಠಾಯಿ ಪ್ಯಾಕೆಟ್ ಥರದ ಅಕ್ಷರ, ಗಾಢ ಗುಲಾಬಿ, ಈ ಮೂರೂ ಒಟ್ಟಿಗೆ ಸೇರಿದ್ರೆ ಲೇಬಲ್ ಸೋಡಾ ಥರನೇ ಕಾಣೋದು. ಕಾರ್ಟೂನ್ ಮಾಡಲೇಬಾರದು ಅಂತಲ್ಲ, ದೊಡ್ಡವರ ಕಾರ್ಟೂನ್ ಆಗಿರಬೇಕು ಅಷ್ಟೇ. 1990ರ ದಶಕದ ಮಧ್ಯದಿಂದ ಅಮೆರಿಕದ ಫ್ಲೈಯಿಂಗ್ ಡಾಗ್ ಬ್ರೂವರಿಗೆ ಬ್ರಿಟಿಷ್ ಚಿತ್ರಕಾರ ರಾಲ್ಫ್ ಸ್ಟೆಡ್‌ಮನ್ ಬಿಡಿಸಿದ ಲೇಬಲ್ ನೋಡಿ, ಇಂಕ್ ಚೆಲ್ಲಾಡಿದ, ಹಲ್ಲು ಕಿಸಿದ ನಾಯಿಗಳು, ಅದನ್ನ ಯಾರೂ ಮಕ್ಕಳ ಪುಸ್ತಕ ಅಂದ್ಕೊಳ್ಳಲ್ಲ.

ಬಾರ್‌ಕೋಡ್ ಬಗ್ಗೆ ಎರಡು ಮಾತು ಜಾಸ್ತಿನೇ ಹೇಳ್ತೀನಿ ಯಾಕಂದ್ರೆ ಡಿಸೈನರ್‌ಗಳಿಗೆ ಅದರ ಮೇಲೆ ಯಾವಾಗ್ಲೂ ಕೋಪ. ಅಂಗಡಿ ಸಾಮಾನಿನ ಮೇಲಿರೋ 13 ಅಂಕಿಯ ಬಾರ್‌ಕೋಡ್, ಅಂದ್ರೆ ಇಎಎನ್ 13 ಕೋಡ್‌ನ ಸ್ಟ್ಯಾಂಡರ್ಡ್ ಅಗಲ ಪಕ್ಕದ ಖಾಲಿ ಜಾಗ ಸೇರಿ 37.29 ಎಂಎಂ, ಶೇ 80ರವರೆಗೆ ಸಣ್ಣದು ಮಾಡಬಹುದು, ಅದಕ್ಕಿಂತ ಕೆಳಗೆ ಬೇಡ. ದುಂಡು ಮೈ ಮೇಲೆ ಅದನ್ನ ಅಡ್ಡ ತಿರುಗಿಸಿ, ಕ್ಯಾನ್ ನಿಲ್ಲಿಸಿದಾಗ ಗೆರೆಗಳು ಏಣಿ ಮೆಟ್ಟಿಲಿನ ಥರ ಒಂದರ ಮೇಲೊಂದು ಕಾಣಬೇಕು, ಇಲ್ಲಾಂದ್ರೆ ಅಂಚಿನ ಗೆರೆಗಳು ಬಾಗಿ ಸ್ಕ್ಯಾನರ್‌ಗೆ ಸಿಗಲ್ಲ. ಕೆಂಪು ಬಣ್ಣದ ಗೆರೆ ಅಂತೂ ಮಾಡಲೇಬೇಡಿ. ಅಂಗಡಿ ಸ್ಕ್ಯಾನರ್‌ಗಳಲ್ಲಿ ಬಹಳಷ್ಟು ಕೆಂಪು ಬೆಳಕಿನವು, ಅದಕ್ಕೆ ಕೆಂಪು ಗೆರೆನೂ ಬಿಳಿ ಕಾಗದನೂ ಒಂದೇ.

ಈಗ ಸ್ಕೆಚ್

ಪೆನ್ಸಿಲ್ ಹಿಡಿಯೋ ಮುಂಚೆ ಬ್ರೂವರ್ ಹತ್ರ ಬಿಯರ್ ಬಗ್ಗೆ ಕೇಳಿ, ಕಹಿ ಎಷ್ಟು, ಬಣ್ಣ ಏನು, ಯಾವ ಹೊತ್ತಿಗೆ ಕುಡಿಯೋದು. ಸ್ಟೌಟ್ ಅನ್ನೋ ಕಪ್ಪು ಬಿಯರ್‌ಗೆ ಹಳದಿ ಬಿಸಿಲು ಬಿಡಿಸಿದ್ರೆ ತಗೊಂಡವರಿಗೆ ಮೋಸ ಆದ ಹಾಗೆ.

ಆಮೇಲೆ ಹೆಬ್ಬೆರಳಿನಷ್ಟು ಸೈಜ್‌ನಲ್ಲೇ ಹತ್ತಾರು ಸ್ಕೆಚ್ ಮಾಡಿ, ಬರೀ ಕಪ್ಪು ಬಿಳುಪು, ಡೀಟೇಲ್ ಏನೂ ಬೇಡ. ಆ ಸೈಜ್‌ನಲ್ಲಿ ಆಕೃತಿ ಗೊತ್ತಾಗ್ಲಿಲ್ಲ ಅಂದ್ರೆ ಶೆಲ್ಫ್ ಮೇಲೆ ಎರಡು ಮೀಟರ್ ದೂರದಿಂದಲೂ ಗೊತ್ತಾಗಲ್ಲ. ಬ್ರಿಟನ್ನಿನಲ್ಲಿ ಟ್ರೇಡ್‌ಮಾರ್ಕ್ ನೋಂದಣಿ ಶುರುವಾದಾಗ, 1876ರಲ್ಲಿ, ಮೊಟ್ಟಮೊದಲು ನೋಂದಣಿ ಆಗಿದ್ದು ಬಾಸ್ ಬಿಯರ್‌ನ ಕೆಂಪು ತ್ರಿಕೋನ. 1882ರಲ್ಲಿ ಎಡ್ವಾರ್ಡ್ ಮಾನೆ ಪ್ಯಾರಿಸ್ಸಿನ ಒಂದು ಬಾರ್ ಕೌಂಟರ್ ಬಿಡಿಸ್ದಾಗ ಅದರಲ್ಲೂ ಆ ಬಾಟಲಿ ಇದೆ, ದಪ್ಪ ಬ್ರಶ್ಶಿನ ಕೆಲಸ, ಆದ್ರೂ ತ್ರಿಕೋನ ನೋಡಿದ ತಕ್ಷಣ ಯಾವ ಬಿಯರ್ ಅಂತ ಗೊತ್ತಾಗುತ್ತೆ. ನಿಮ್ಮ ಚಿತ್ರದಲ್ಲಿ ಎಷ್ಟೇ ಕುಸುರಿ ಇರಲಿ, ಅದರೊಳಗೆ ಅಂಥ ಒಂದು ಆಕಾರ ಇರಬೇಕು.

ಒಂದೇ ಬಿಯರ್‌ಗೆ ಲೇಬಲ್ ಮಾಡ್ತಿದ್ದೀನಿ ಅಂದ್ಕೊಳ್ಳಬೇಡಿ, ಮುಂದೆ ಇನ್ನೂ ಐದಾರು ಬರುತ್ತೆ. ಲೋಗೋ ಜಾಗ, ಹೆಸರಿನ ಪಟ್ಟಿ, ಪರ್ಸೆಂಟ್ ಬರೆಯೋ ಜಾಗ ಎಲ್ಲದರಲ್ಲೂ ಒಂದೇ ಕಡೆ ಇರಲಿ, ಚಿತ್ರ ಬಣ್ಣ ಮಾತ್ರ ಬದಲಾಗಲಿ, ಶೆಲ್ಫ್‌ನಲ್ಲಿ ಸಾಲಾಗಿ ನಿಂತಾಗ ಒಂದೇ ಮನೆಯವು ಅಂತ ಅನ್ನಿಸಬೇಕು.

ಫೈನಲ್ ಚಿತ್ರನ ಲೇಯರ್ ಲೇಯರ್ ಆಗೇ ಬಿಡಿಸಿ, ಹಿನ್ನೆಲೆ ಬೇರೆ, ಆಕೃತಿ ಬೇರೆ, ಔಟ್‌ಲೈನ್ ಬೇರೆ, ಅಕ್ಷರ ಬೇರೆ. ಪೋಸ್ಟರ್ ಮಾಡೋವಾಗ ಇದರ ಬೆಲೆ ಗೊತ್ತಾಗುತ್ತೆ. ಬಣ್ಣದ ಚಿತ್ರಕ್ಕೆ ನಿಜ ಸೈಜ್‌ನಲ್ಲಿ 300 ಡಿಪಿಐ (ಇಂಚಿಗೆ 300 ಚುಕ್ಕೆ) ಸಾಕು, ಬರೀ ಕಪ್ಪು ಗೆರೆಯ ಇಂಕ್ ಕೆಲಸ ಆದ್ರೆ 600ರಿಂದ 1200 ಬೇಕು, ಕಮ್ಮಿ ಆದ್ರೆ ಗೆರೆ ಅಂಚು ಹಲ್ಲು ಹಲ್ಲಾಗಿ ಬರುತ್ತೆ.

ಬಣ್ಣ, ಬಿಳಿ ಇಂಕ್, ಮೆಟೀರಿಯಲ್

ಸ್ಕ್ರೀನಲ್ಲಿ ಮಿಂಚೋ ನಿಯಾನ್ ಹಸಿರು, ಎಲೆಕ್ಟ್ರಿಕ್ ನೀಲಿ ಸಿಎಂವೈಕೆ ಅನ್ನೋ ನಾಲ್ಕು ಬಣ್ಣದ ಮಾಮೂಲಿ ಪ್ರಿಂಟ್‌ನಲ್ಲಿ ಬರಲ್ಲ, ಮಂಕಾಗುತ್ತೆ. ಅದು ಬೇಕೇಬೇಕು ಅಂದ್ರೆ ಪ್ಯಾಂಟೋನ್ ಸ್ಪಾಟ್ ಕಲರ್, ಅಂದ್ರೆ ಮೊದಲೇ ಬೆರೆಸಿದ ಪ್ರತ್ಯೇಕ ಇಂಕ್, ತಗೊಳ್ಳಿ, ಖರ್ಚು ಜಾಸ್ತಿ ಆಗುತ್ತೆ ಅಂತ ಕ್ಲೈಂಟ್‌ಗೆ ಮೊದಲೇ ಹೇಳಿ. ಸಣ್ಣ ಅಕ್ಷರ ಕಪ್ಪು ಬಣ್ಣದ ಒಂದೇ ಪ್ಲೇಟ್‌ನಲ್ಲಿ (ಪ್ರಿಂಟಿಂಗ್ ಅಚ್ಚು, ಬಣ್ಣಕ್ಕೊಂದು ಇರುತ್ತೆ) ಇರಲಿ, ನಾಲ್ಕು ಬಣ್ಣ ಸೇರಿಸಿದ ಕಪ್ಪಲ್ಲಿ ಹಾಕಿದ್ರೆ ಪ್ಲೇಟ್ ಕೂದಲೆಳೆ ಸರಿದ್ರೂ ಅಕ್ಷರದ ಸುತ್ತ ಬಣ್ಣದ ನೆರಳು ಬರುತ್ತೆ. ಒತ್ತಕ್ಷರ ಇರೋ ಲಿಪಿ ಆದ್ರೆ ಇನ್ನೂ ಹುಷಾರು, ಸಣ್ಣ ಸೈಜ್‌ನಲ್ಲಿ ಒತ್ತು ಇಂಕ್ ತುಂಬಿ ಬರೀ ಚುಕ್ಕೆ ಆಗುತ್ತೆ, ಕಪ್ಪು ಹಿನ್ನೆಲೆ ಮೇಲೆ ಬಿಳಿ ಅಕ್ಷರ ಆದ್ರೆ ಇನ್ನೂ ಒಂದು ಪಾಯಿಂಟ್ ದೊಡ್ಡದು ಮಾಡಿ.

ಬೆಳ್ಳಿ ಬಣ್ಣದ ಫಿಲ್ಮ್ ಅಥವಾ ಪಾರದರ್ಶಕ ಫಿಲ್ಮ್ ಮೇಲೆ ಮಾಡ್ತಿದ್ರೆ ಆಟನೇ ಬೇರೆ. ಪ್ರಿಂಟಿಂಗ್ ಇಂಕ್ ಪಾರದರ್ಶಕ, ಹಾಗಾಗಿ ಬೆಳ್ಳಿ ಮೇಲೆ ಹಳದಿ ಹಾಕಿದ್ರೆ ಚಿನ್ನದ ಥರ ಕಾಣುತ್ತೆ, ಕೆಂಪು ಹಾಕಿದ್ರೆ ಮೆಟಾಲಿಕ್ ಕೆಂಪು. ಎಲ್ಲಿ ಲೋಹದ ಹೊಳಪು ಬೇಡವೋ ಅಲ್ಲಿ ಅಡಿಗೆ ಬಿಳಿ ಇಂಕ್ ಹಾಕಬೇಕು, ಆ ಬಿಳಿಗೆ ಪ್ರತ್ಯೇಕ ಸ್ಪಾಟ್ ಕಲರ್ ಲೇಯರ್ ನೀವೇ ಮಾಡಿ ಕೊಡಬೇಕು. ಪಾತ್ರದ ಮುಖಕ್ಕೆ ಬಿಳಿ ಕೊಟ್ಟು ಕಣ್ಣಿಗೆ ಮಾತ್ರ ಕೊಡದೆ ಬಿಟ್ಟು ನೋಡಿ, ಕ್ಯಾನ್ ತಿರುಗಿಸಿದಾಗ ಕಣ್ಣಷ್ಟೇ ಹೊಳೆಯುತ್ತೆ, ಎಕ್ಸ್‌ಟ್ರಾ ಫಾಯಿಲ್ ಖರ್ಚೇ ಇಲ್ಲ. ಬಾರ್‌ಕೋಡ್ ಅಡಿಗೆ ಮಾತ್ರ ಬಿಳಿ ಮರೀಬೇಡಿ, ಹೊಳಪಿನ ಮೇಲೆ ಸ್ಕ್ಯಾನ್ ಆಗಲ್ಲ.

ಬಿಯರ್ ತಣ್ಣಗಿರುತ್ತೆ, ಫ್ರಿಜ್ಜಿಂದ ತೆಗೆದ ತಕ್ಷಣ ಬೆವರುತ್ತೆ, ಕೆಲವರು ಐಸ್ ಬಕೆಟ್‌ಗೇ ಮುಳುಗಿಸ್ತಾರೆ. ಮಾಮೂಲಿ ಪೇಪರ್ ಆದ್ರೆ ಉಬ್ಬಿ ಕಿತ್ತುಬರುತ್ತೆ, ಅದಕ್ಕೆ ಒದ್ದೆಯಾದ್ರೂ ತಡೆಯೋ ವೆಟ್ ಸ್ಟ್ರೆಂಗ್ತ್ ಪೇಪರ್ ಅಥವಾ ಬಿಒಪಿಪಿ ಅನ್ನೋ ಪ್ಲಾಸ್ಟಿಕ್ ಫಿಲ್ಮ್ ಬಳಸ್ತಾರೆ. ಪೇಪರ್ ಕೈಗೆ ಚೆನ್ನಾಗಿರುತ್ತೆ, ಫಿಲ್ಮ್ ಗಟ್ಟಿ. ಮ್ಯಾಟ್ ಫಿನಿಶ್ ಈಗ ಫ್ಯಾಶನ್, ಆದ್ರೆ ಪೂರ್ತಿ ಕಪ್ಪು ಮ್ಯಾಟ್ ಲೇಬಲ್ ರಟ್ಟಿನ ಪೆಟ್ಟಿಗೆಯಲ್ಲಿ ಉಜ್ಜಿ ಉಜ್ಜಿ ಗೀರು ಬೀಳುತ್ತೆ, ನನ್ನ ಕೇಳಿದ್ರೆ ಗಾಢ ಬಣ್ಣಕ್ಕೆ ವಾರ್ನಿಶ್ ಇಲ್ಲದೆ ಒಪ್ಪಲೇಬಾರದು.

ಸಣ್ಣ ಬ್ಯಾಚ್‌ಗೆ ಡಿಜಿಟಲ್ ಪ್ರಿಂಟೇ ಸರಿ, ಪ್ಲೇಟ್ ಖರ್ಚಿಲ್ಲ, ಬ್ಯಾಚಿಗೊಂದು ಚಿತ್ರ ಬೇಕಾದ್ರೂ ಬದಲಾಯಿಸಬಹುದು. ಫ್ಲೆಕ್ಸೋ ಅನ್ನೋ ಪ್ರಿಂಟಿಂಗ್ ವಿಧಾನದಲ್ಲಿ ಬಣ್ಣಕ್ಕೊಂದು ಪ್ಲೇಟ್, ಜಾಸ್ತಿ ಪ್ರತಿ ಇದ್ರೆ ಅಗ್ಗ. ಕ್ಯಾನ್ ಮೇಲೇ ನೇರ ಪ್ರಿಂಟ್ ಮಾಡ್ಸೋದು ದೊಡ್ಡ ಆರ್ಡರ್ ಇದ್ದವರಿಗೆ. ಅದರಲ್ಲಿ ಸಾಮಾನ್ಯವಾಗಿ ಆರರಿಂದ ಎಂಟು ಬಣ್ಣ, ಎಲ್ಲ ಬಣ್ಣನೂ ಒಂದೇ ರಬ್ಬರ್ ಬ್ಲಾಂಕೆಟ್ ಮೇಲೆ ಕೂತು ಒಟ್ಟಿಗೆ ಕ್ಯಾನ್‌ಗೆ ಇಳಿಯುತ್ತೆ, ಹಸಿ ಇಂಕ್ ಮೇಲೆ ಹಸಿ ಇಂಕ್ ಬೀಳಬಾರದು, ಹಾಗಾಗಿ ವಾಟರ್‌ಕಲರ್ ಥರದ ಚಿತ್ರ ಅಲ್ಲಿ ಕಷ್ಟ, ಚಪ್ಪಟೆ ಬಣ್ಣ ದಪ್ಪ ಗೆರೆ ಇದ್ರೆ ಚೆನ್ನಾಗಿ ಬರುತ್ತೆ.

ಪ್ರೂಫ್

ಮಾಮೂಲಿ ಪೇಪರ್ ಮೇಲೆ ನಿಜ ಸೈಜ್‌ನಲ್ಲಿ ಪ್ರಿಂಟ್ ತೆಗೆದು ಕ್ಯಾನ್‌ಗೆ ಸುತ್ತಿ ಟೇಪ್ ಹಾಕಿ, ಬೇರೆ ನಾಲ್ಕು ಬಿಯರ್ ಜೊತೆ ನಿಲ್ಲಿಸಿ ದೂರದಿಂದ ನೋಡಿ, ಮಂದ ಬೆಳಕಲ್ಲೂ ನೋಡಿ. ಆಮೇಲೆ ಪ್ರಿಂಟರ್ ಹತ್ರ ನಿಜವಾದ ಮೆಟೀರಿಯಲ್ ಮೇಲೆ ಪ್ರೂಫ್ ತೆಗೆಸಿ, ಪಿಡಿಎಫ್ ನೋಡಿ ಓಕೆ ಅಂದುಬಿಡಬೇಡಿ. ಆ ಸ್ಯಾಂಪಲ್ ಲೇಬಲ್ ಅಂಟಿಸಿದ ಕ್ಯಾನ್ ಒಂದು ರಾತ್ರಿ ಐಸ್ ನೀರಲ್ಲಿರಲಿ.

ಕೋಸ್ಟರ್, ಪೋಸ್ಟರ್, ಇತ್ಯಾದಿ

ಕೋಸ್ಟರ್ ಅಂದ್ರೆ ಗ್ಲಾಸ್ ಕೆಳಗೆ ಇಡೋ, ನೀರು ಹೀರೋಕೆ ಅಂತಲೇ ಮಾಡಿದ ಪಲ್ಪ್ ಬೋರ್ಡ್. 19ನೇ ಶತಮಾನದ ಕೊನೆಯಲ್ಲಿ ಜರ್ಮನಿಯಲ್ಲಿ ಶುರುವಾಗಿದ್ದು, ಇವತ್ತಿಗೂ ಹೆಚ್ಚುಕಮ್ಮಿ ಅದೇ ವಸ್ತು, ಸೈಜ್ ಸಾಮಾನ್ಯವಾಗಿ 93-94 ಎಂಎಂ. ನೀರು ಹೀರೋ ಬೋರ್ಡ್ ಇಂಕೂ ಹೀರುತ್ತೆ, ಚುಕ್ಕೆಗಳು ಹರಡಿ ಚಿತ್ರ ಒಂದು ಹಂತ ಕಪ್ಪಾಗುತ್ತೆ, ಕೂದಲೆಳೆ ಗೆರೆ ಮುಚ್ಚಿಹೋಗುತ್ತೆ. ಲೇಬಲ್ ಚಿತ್ರನೇ ಚಿಕ್ಕದು ಮಾಡಿ ಹಾಕಬೇಡಿ, ಒಂದು ಮುಖವನ್ನೋ ಪಂಜವನ್ನೋ ಮಾತ್ರ ತೆಗೆದು ದಪ್ಪ ಗೆರೆಯಲ್ಲಿ ಮತ್ತೆ ಬಿಡಿಸಿ. ಮುಂದೆ ಚಿತ್ರ, ಹಿಂದೆ ಒಂದು ಸಣ್ಣ ಒಗಟೋ ಆಟವೋ ಇದ್ರೆ ಜನ ಜೇಬಿಗೆ ಹಾಕ್ಕೊಂಡು ಹೋಗ್ತಾರೆ, ಅದಕ್ಕಿಂತ ಒಳ್ಳೆ ಜಾಹೀರಾತಿಲ್ಲ.

ಪೋಸ್ಟರ್ ಎ3 ಅಂದ್ರೆ 297×420 ಎಂಎಂ. ಇಲ್ಲಿ ಲೇಯರ್ ಉಪಯೋಗಕ್ಕೆ ಬರುತ್ತೆ, ಅಡ್ಡ ಪಟ್ಟಿಯಾಗಿದ್ದ ಚಿತ್ರನ ಬಿಚ್ಚಿ ಉದ್ದಕ್ಕೆ ಜೋಡಿಸಬಹುದು. ಬಿಯರ್ ಹೆಸರು, ಯಾವತ್ತು, ಎಲ್ಲಿ, ಇಷ್ಟೇ ಬರಹ. ಮೂರು ಮಡಿಕೆಯ ಎ4 ಕರಪತ್ರ ಆದ್ರೆ ಮೂರು ಭಾಗ ಸಮ ಮಾಡಬೇಡಿ, ಒಳಗೆ ಮಡಚಿಕೊಳ್ಳೋ ಭಾಗ 97 ಎಂಎಂ, ಉಳಿದೆರಡು 100-100 ಎಂಎಂ, ಇಲ್ಲಾಂದ್ರೆ ಒಳಗಿನ ಹಾಳೆ ಮಡಿಕೆಗೆ ತಾಗಿ ಮುರುಟುತ್ತೆ.

ದುಡ್ಡು ಮತ್ತು ಹಕ್ಕು

ಲೇಬಲ್‌ಗೆ ಅಂತ ಬಿಡಿಸಿದ ಚಿತ್ರ ಟೀಶರ್ಟ್, ಗ್ಲಾಸ್, ಪೋಸ್ಟರ್ ಎಲ್ಲದರ ಮೇಲೂ ಬರೋದು ಗ್ಯಾರಂಟಿ, ಅದಕ್ಕೆ ಯಾವ್ಯಾವುದಕ್ಕೆ, ಎಷ್ಟು ವರ್ಷ, ಯಾವ ದೇಶಗಳಲ್ಲಿ ಅಂತ ಮೊದಲೇ ಬರೆದು ಸಹಿ ಮಾಡ್ಕೊಳ್ಳಿ, ಪೂರ್ತಿ ಹಕ್ಕು ಬೇಕು ಅಂದ್ರೆ ರೇಟ್ ಬೇರೆ. ನ್ಯೂಯಾರ್ಕಿನ ಬ್ರೂಕ್ಲಿನ್ ಬ್ರೂವರಿ ಲೋಗೋ ಮಾಡಿಕೊಟ್ಟ ಡಿಸೈನರ್ ಮಿಲ್ಟನ್ ಗ್ಲೇಸರ್ ಫೀಸ್ ಬದಲು ಕಂಪನಿಯಲ್ಲಿ ಪಾಲು ತಗೊಂಡಿದ್ರು. ಎಲ್ಲರಿಗೂ ಆ ಯೋಗ ಸಿಗಲ್ಲ, ಅಡ್ವಾನ್ಸ್ ಅರ್ಧ ತಗೊಂಡೇ ಸ್ಕೆಚ್ ಶುರು ಮಾಡಿ, ತಿದ್ದುಪಡಿ ಎಷ್ಟು ಸಲ ಅಂತನೂ ಬರೀರಿ.

ಕೊನೆಗೆ ಫೈಲ್ ಕೊಡೋವಾಗ ಫಾಂಟ್‌ಗಳನ್ನ ಔಟ್‌ಲೈನ್ ಮಾಡಿದ (ಅಕ್ಷರನ ಆಕಾರವಾಗಿ ಬದಲಾಯಿಸಿದ) ಪಿಡಿಎಫ್ ಒಂದು ಪ್ರಿಂಟರ್‌ಗೆ, ಬಿಳಿ ಇಂಕ್, ಡೈಲೈನ್, ವಾರ್ನಿಶ್ ಮೂರೂ ಬೇರೆ ಬೇರೆ ಹೆಸರಿನ ಸ್ಪಾಟ್ ಕಲರ್ ಆಗಿರಲಿ, ಲೇಯರ್ ಇರೋ ಮೂಲ ಫೈಲ್ ಒಪ್ಪಂದದಲ್ಲಿ ಇದ್ರೆ ಮಾತ್ರ ಕೊಡಿ. ಮತ್ತೆ ಮೊದಲ ಪ್ರಿಂಟ್‌ನ ನಾಲ್ಕು ಲೇಬಲ್ ಬಿಸಿಲು ತಾಗದ ಹಾಗೆ ಕವರ್‌ನಲ್ಲಿ ಇಟ್ಕೊಳ್ಳಿ, ಆರು ತಿಂಗಳಾದ ಮೇಲೆ ರೀಪ್ರಿಂಟ್ ಬಂದಾಗ ಬಣ್ಣ ಹೊಂದುತ್ತಾ ಅಂತ ನೋಡೋಕೆ ಅದು ಬೇಕು.