ಗೋಡೆಯ ತೇವ, ಹಿತ್ತಲಿನ ಮಣ್ಣು: ಎರಡನ್ನೂ ಒಟ್ಟಿಗೆ ಸರಿಪಡಿಸಿದ ನನ್ನ ಅನುಭವ

ಮನೆಯ ಹೊರಗೋಡೆಯ ದುರಸ್ತಿ ಬೇರೆ, ಹಿತ್ತಲಿನ ಕೈತೋಟ ಬೇರೆ ಎಂದೇ ನಮ್ಮಲ್ಲಿ ಹೆಚ್ಚಿನವರು ಭಾವಿಸುತ್ತಾರೆ. ನನ್ನ ಮನೆಯ ಹಿಂಬದಿಯಲ್ಲಿ ಈ ಎರಡೂ ಒಂದೇ ಸಮಸ್ಯೆಯ ಎರಡು ಮುಖಗಳಾಗಿದ್ದವು. ಗೋಡೆಯ ಕೆಳಭಾಗದಲ್ಲಿ ಬಣ್ಣ ಹಪ್ಪಳದಂತೆ ಏಳುತ್ತಿತ್ತು; ಅಲ್ಲಿಂದ ನಾಲ್ಕು ಹೆಜ್ಜೆ ಆಚೆ ಪಾತಿಯಲ್ಲಿದ್ದ ಸಸಿಗಳ ಬೇರು ಕೊಳೆಯುತ್ತಿತ್ತು. ಮಳೆಯ ನೀರು ಮನೆಯಿಂದ ಆಚೆಗೆ ಹರಿದು ಹೋಗದೆ ಮನೆಯ ಕಡೆಗೇ ಬಂದು ಗೋಡೆಯ ಬುಡದಲ್ಲಿ ನಿಲ್ಲುತ್ತಿದ್ದುದೇ ಎರಡಕ್ಕೂ ಕಾರಣ. ಹೀಗಾಗಿ ಕೆಲಸವನ್ನು ಮಣ್ಣಿನಿಂದ ಆರಂಭಿಸಿ, ಆಮೇಲೆ ಗೋಡೆಗೆ ಬಂದು, ಕೊನೆಗೆ ಮತ್ತೆ ಮಣ್ಣಿಗೆ ಮರಳಿದೆ.

ಮೊದಲು ತೇವ ಎಲ್ಲಿಂದ ಬರುತ್ತಿದೆ ಎಂಬುದನ್ನು ಖಚಿತಪಡಿಸಿಕೊಳ್ಳಬೇಕು. ನೆಲದಿಂದ ಮೇಲೇರುವ ತೇವ ಸಾಮಾನ್ಯವಾಗಿ ಒಂದು ಮೀಟರ್ ಎತ್ತರದೊಳಗೇ ನಿಂತು, ಗೋಡೆಯ ಉದ್ದಕ್ಕೂ ಅಲೆಯಂಥ ಒಂದು ಗೆರೆಯನ್ನು ಉಳಿಸುತ್ತದೆ. ಆ ಗೆರೆಯ ಬಳಿ ಬಿಳಿ ಉಪ್ಪು ಕಾಣಿಸಿಕೊಳ್ಳುತ್ತದೆ. ಬಿರುಕಿನಿಂದಲೋ ಸಜ್ಜಾದಿಂದಲೋ ಒಳನುಗ್ಗುವ ನೀರು ಮಾತ್ರ ಮಳೆ ಬಂದಾಗಲೆಲ್ಲ ಒಂದೇ ಜಾಗದಲ್ಲಿ ಮಚ್ಚೆಯಾಗಿ ಕಾಣುತ್ತದೆ. ಕೋಣೆಯೊಳಗಿನ ಹಬೆಯೇ ತಣ್ಣನೆಯ ಗೋಡೆಯ ಮೇಲೆ ಹನಿಗಟ್ಟುವುದೂ ಉಂಟು. ಈ ಅನುಮಾನವನ್ನು ಕಳೆದುಕೊಳ್ಳಲು, ಒಳಗೋಡೆಯನ್ನು ಒರೆಸಿ ಒಣಗಿಸಿ, ಅಂಗೈಗಿಂತ ಸ್ವಲ್ಪ ದೊಡ್ಡದಾದ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಅಂಚುಗಳಲ್ಲಿ ಟೇಪಿನಿಂದ ಬಿಗಿಯಾಗಿ ಅಂಟಿಸಿದೆ. ಒಂದೆರಡು ದಿನ ಬಿಟ್ಟು ನೋಡಿದಾಗ ಹನಿಗಳು ಹಾಳೆಯ ಹಿಂಬದಿಯಲ್ಲಿ, ಅಂದರೆ ಗೋಡೆಯ ಕಡೆಗೆ, ಸಾಲುಗಟ್ಟಿದ್ದವು. ಕೋಣೆಯ ಕಡೆಯ ಮೈ ಒಣಗಿಯೇ ಇತ್ತು. ನೀರು ಗೋಡೆಯ ಒಳಗಿನಿಂದಲೇ ಬರುತ್ತಿದೆ ಎಂಬುದಕ್ಕೆ ಇಷ್ಟು ಸಾಕ್ಷಿ ಸಾಕು.

ಹೊರಗೆ ಬಂದು ಗೋಡೆಯ ಬುಡವನ್ನು ಕೆದಕಿದಾಗ ಕಾರಣವೂ ಕಣ್ಣಿಗೆ ಬಿತ್ತು. ಗೋಡೆಗೆ ಒತ್ತಿಕೊಂಡಂತೆ ಮಾಡಿದ್ದ ಹೂವಿನ ಪಾತಿಗೆ ವರ್ಷವರ್ಷವೂ ಮಣ್ಣು, ಗೊಬ್ಬರ, ತರಗೆಲೆ ಸೇರುತ್ತಾ ಹೋಗಿ, ನೆಲದ ಮಟ್ಟ ಪ್ಲಿಂತ್‌ನ (ತಳಪಾಯದ ಮೇಲೆ, ಹೊರನೆಲದಿಂದ ಮನೆಯ ಒಳನೆಲದ ಮಟ್ಟದವರೆಗಿನ ಗೋಡೆಯ ಭಾಗ) ಮೇಲಿನ ಅಂಚನ್ನೂ ದಾಟಿತ್ತು. ತಳಪಾಯದಿಂದ ತೇವ ಮೇಲೇರದಂತೆ ಪ್ಲಿಂತ್ ಮಟ್ಟದಲ್ಲಿ ಒಂದು ತೇವತಡೆ ಪದರವನ್ನು ಹಾಕಿರುತ್ತಾರೆ. ಮಣ್ಣು ಆ ಪದರವನ್ನು ದಾಟಿ ಮೇಲೆ ಬಂದರೆ ನೀರಿಗೆ ಅದನ್ನು ಸುತ್ತಿಕೊಂಡು ಹೋಗುವ ದಾರಿ ಸಿಕ್ಕಂತೆಯೇ. ಇಟ್ಟಿಗೆ, ಗಾರೆಗಳ ಕೂದಲೆಳೆಯಂಥ ಸಂದುಗಳ ಮೂಲಕ ಅದು ಏರುತ್ತಲೇ ಇರುತ್ತದೆ. ಮಣ್ಣಿನ ಮಟ್ಟ ಈ ಪದರಕ್ಕಿಂತ ಕನಿಷ್ಠ 150 ಮಿಲಿಮೀಟರ್, ಅಂದರೆ ಅರ್ಧ ಅಡಿ, ಕೆಳಗಿರಬೇಕು. ಇದನ್ನು ಸರಿಪಡಿಸದೆ ಮೇಲೆ ಎಷ್ಟು ದುಬಾರಿಯ ಬಣ್ಣ ಬಳಿದರೂ, ಜಲನಿರೋಧಕ ಲೇಪನ ಹಚ್ಚಿದರೂ ಅದು ಮತ್ತೊಂದು ಮಳೆಗಾಲದವರೆಗಿನ ಅಲಂಕಾರವಷ್ಟೇ ಎಂಬುದು ನನ್ನ ಖಚಿತ ಅಭಿಪ್ರಾಯ.

ಇಳಿಜಾರನ್ನು ಅಳೆಯಲು ಗಾರೆಯವರು ಬಳಸುವ ಟ್ಯೂಬ್ ಲೆವೆಲ್‌ಗಿಂತ ಒಳ್ಳೆಯ ಸಾಧನವನ್ನು ನಾನು ಕಂಡಿಲ್ಲ. ಉದ್ದನೆಯ ಪಾರದರ್ಶಕ ಪೈಪಿನಲ್ಲಿ ನೀರು ತುಂಬಿ, ಒಳಗೆ ಒಂದೇ ಒಂದು ಗುಳ್ಳೆಯೂ ಉಳಿಯದಂತೆ ಬೆರಳಿನಿಂದ ತಟ್ಟಿ ತಟ್ಟಿ ಹೊರಡಿಸಿದೆ. ಒಂದು ತುದಿಯನ್ನು ಗೋಡೆಯ ಬಳಿಯ ಗೂಟಕ್ಕೂ ಇನ್ನೊಂದನ್ನು ಹತ್ತು ಅಡಿ ದೂರದ ಗೂಟಕ್ಕೂ ಹಿಡಿದರೆ ಎರಡೂ ಕಡೆ ನೀರು ಒಂದೇ ಮಟ್ಟದಲ್ಲಿ ನಿಲ್ಲುತ್ತದೆ. ಅಲ್ಲಿ ಗುರುತು ಹಾಕಿ ದಾರ ಕಟ್ಟಿ, ದಾರದಿಂದ ನೆಲಕ್ಕಿರುವ ಅಂತರವನ್ನು ಅಳೆದರೆ ಆಯಿತು. ಗೋಡೆಯಿಂದ ಮೊದಲ ಹತ್ತು ಅಡಿಯಲ್ಲಿ ನೆಲ ಸುಮಾರು ಆರು ಅಂಗುಲ ತಗ್ಗಬೇಕು ಎಂಬುದು ಕಟ್ಟಡ ಕೆಲಸದಲ್ಲಿ ಪ್ರಚಲಿತವಿರುವ ಲೆಕ್ಕ. ನನ್ನ ಹಿತ್ತಲಿನಲ್ಲಿ ಇಳಿಜಾರೇನೋ ಇತ್ತು, ಆದರೆ ಅದು ಮನೆಯ ಕಡೆಗೆ.

ಪಿಕಾಸಿಯಿಂದ ಅಗೆದು, ಬಾಂಡ್ಲಿಯಲ್ಲಿ ತುಂಬಿ, ಮಣ್ಣನ್ನು ಹಿತ್ತಲಿನ ದೂರದ ಅಂಚಿಗೆ ಸಾಗಿಸಿದೆ. ಈ ಕೆಲಸಕ್ಕೆ ಜಾಣತನ ಬೇಡ, ಸೊಂಟ ಬೇಕು. ಅಗೆಯುವಾಗ ತಳಪಾಯದ ಅಡಿಗಿಂತ ಕೆಳಗೆ ಹೋಗಬಾರದು. ನೀರಿನ ಪೈಪು, ವಿದ್ಯುತ್ ಕೇಬಲ್‌ಗಳು ಎಲ್ಲಿ ಹಾದುಹೋಗಿವೆ ಎಂಬುದನ್ನು ಮೊದಲೇ ತಿಳಿದುಕೊಂಡಿರಬೇಕು. ಹೊಸ ಇಳಿಜಾರಿನ ಮಣ್ಣನ್ನು ತೆಳುವಾದ ಪದರಗಳಲ್ಲಿ ಹರಡಿ, ಸ್ವಲ್ಪ ತೇವ ಮಾಡಿ, ದಿಮ್ಮಿಸದಿಂದ ಬಡಿದು ಗಟ್ಟಿ ಮಾಡಿದೆ. ಸಡಿಲವಾಗಿಯೇ ಬಿಟ್ಟರೆ ನಾಲ್ಕು ಮಳೆಗೆ ಅದು ಕುಸಿದು ಮತ್ತೆ ಗುಂಡಿಯಾಗುತ್ತದೆ. ಗೋಡೆಯ ಬುಡದಲ್ಲಿ ಒಂದೂವರೆ ಅಡಿ ಅಗಲಕ್ಕೆ ಗಿಡಗಳನ್ನೇ ಬಿಡದೆ, ಗಟ್ಟಿ ಮಾಡಿದ ಇಳಿಜಾರಿನ ಮೇಲೆ ತೆಳುವಾಗಿ ಜಲ್ಲಿ ಹರಡಿದೆ. ಸೂರಿನಿಂದ ಬೀಳುವ ನೀರು ಕೆಸರನ್ನು ಗೋಡೆಗೆ ಸಿಡಿಸುವುದು ಇದರಿಂದ ನಿಂತಿತು. ಚಾವಣಿಯಿಂದ ಇಳಿಯುವ ಪೈಪು ನೇರವಾಗಿ ತಳಪಾಯದ ಮೇಲೆಯೇ ನೀರು ಸುರಿಯುತ್ತಿತ್ತು. ಅದಕ್ಕೆ ಬಾಗಿದ ಪೈಪಿನ ತುಂಡನ್ನು (ಎಲ್ಬೋ) ಜೋಡಿಸಿ ಹೊರಕ್ಕೆ ಉದ್ದ ಮಾಡಿದೆ. ಚಾವಣಿಯ ನೀರನ್ನು ಕಡಿಮೆ ಅಂದಾಜು ಮಾಡಬಾರದು. ಒಂದು ಚದರ ಮೀಟರಿನ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ನೂರು ಚದರ ಮೀಟರಿನ ಚಾವಣಿಯ ಮೇಲೆ 20 ಮಿಲಿಮೀಟರ್ ಮಳೆ ಸುರಿದರೆ 2,000 ಲೀಟರ್. ಅಷ್ಟೂ ನೀರು ಗೋಡೆಯ ಒಂದೇ ಮೂಲೆಗೆ ಬೀಳುತ್ತಿದ್ದರೆ ಆ ಮೂಲೆಯ ಗತಿಯೇನು?

ಇದಾದ ಮೇಲೆ ಗೋಡೆಯನ್ನು ಒಣಗಲು ಬಿಡಬೇಕು. ಗೋಡೆಯ ದಪ್ಪದ ಪ್ರತಿ ಅಂಗುಲಕ್ಕೆ ಸುಮಾರು ಒಂದು ತಿಂಗಳು ಎಂಬ ಸ್ಥೂಲ ಲೆಕ್ಕವನ್ನು ಕೇಳಿದವರಿಗೆ ಅದು ಅತಿಯೆನಿಸಬಹುದು, ಆದರೆ ನನ್ನ ಗೋಡೆಯೂ ಹೆಚ್ಚು ಕಡಿಮೆ ಅಷ್ಟೇ ಕಾಲ ತೆಗೆದುಕೊಂಡಿತು. ಸಡಿಲವಾದ ಬಣ್ಣವನ್ನು ಮೊದಲೇ ಕೆರೆದು ತೆಗೆದಿದ್ದರೆ ಒಣಗುವಿಕೆ ಚುರುಕಾಗುತ್ತದೆ. ಹಳೆಯ ಮನೆಗಳ ಬಣ್ಣದಲ್ಲಿ ಸೀಸ ಇರುವ ಸಾಧ್ಯತೆಯಿರುವುದರಿಂದ ಒಣಗೋಡೆಯನ್ನು ಉಜ್ಜಿ ಧೂಳೆಬ್ಬಿಸಬಾರದು. ನೀರು ಚಿಮುಕಿಸಿ ಕೆರೆಯಬೇಕು, ಮಾಸ್ಕ್ ಹಾಕಿಕೊಳ್ಳಬೇಕು, ಕೆಳಗೆ ಪ್ಲಾಸ್ಟಿಕ್ ಹಾಸಿ ಚೂರುಗಳನ್ನೆಲ್ಲ ಕಟ್ಟಿ ತೆಗೆಯಬೇಕು. ಒಣಗುತ್ತಾ ಬಂದಂತೆ ಗೋಡೆ ಬಿಳಿ ಉಪ್ಪನ್ನು ಬಿಡುತ್ತದೆ. ಅದನ್ನು ನೀರು ಹಾಕಿ ತೊಳೆಯುವವರೇ ಹೆಚ್ಚು. ತೊಳೆದರೆ ಉಪ್ಪು ಕರಗಿ ಮತ್ತೆ ಗೋಡೆಯೊಳಕ್ಕೇ ಇಳಿಯುತ್ತದೆ. ಗಡಸು ಬ್ರಷ್‌ನಿಂದ ಒಣಗಿದ್ದಾಗಲೇ ಉದುರಿಸಿ, ಬಿದ್ದ ಪುಡಿಯನ್ನು ಗುಡಿಸಿ ದೂರ ಹಾಕಬೇಕು. ಉಪ್ಪು ಏಳುವುದು ನಿಂತ ಮೇಲಷ್ಟೇ ಗಿಲಾವಿನ ಕೆಲಸಕ್ಕೆ ಕೈಹಾಕಿದೆ.

ಬಿರುಕುಗಳ ವಿಷಯದಲ್ಲಿ ನನ್ನ ನಿಯಮ ಸರಳ: ಪ್ರತಿ ಬಿರುಕಿನ ಎರಡೂ ತುದಿಗಳಲ್ಲಿ ಪೆನ್ಸಿಲ್‌ನಿಂದ ಅಡ್ಡಗೆರೆ ಎಳೆದು, ಪಕ್ಕದಲ್ಲಿ ದಿನಾಂಕ ಬರೆದು ಕಾಯುವುದು. ಬಿರುಕು ಗೆರೆಯನ್ನು ದಾಟಿ ಬೆಳೆದರೆ, ಅಗಲ 5 ಮಿಲಿಮೀಟರ್ ಮೀರಿದ್ದರೆ, ಅಥವಾ ಇಟ್ಟಿಗೆಯ ಸಂದುಗಳ ಗುಂಟ ಮೆಟ್ಟಿಲಿನಂತೆ ಓರೆಯಾಗಿ ಸಾಗಿದ್ದರೆ ಅದು ನಮ್ಮ ಕೈಕೆಲಸಕ್ಕೆ ಸೇರಿದ್ದಲ್ಲ, ಎಂಜಿನಿಯರನ್ನು ಕರೆಸಬೇಕು. ನನ್ನಲ್ಲಿದ್ದವು ಗಿಲಾವಿನ ಮೇಲ್ಪದರದ ಸಣ್ಣ ಬಿರುಕುಗಳು. ಅವುಗಳನ್ನು ಕ್ರ್ಯಾಕ್ ಫಿಲ್ಲರ್‌ನಿಂದ ಹಾಗೆಯೇ ಸವರಿದರೆ ಒಳಗೆ ಏನೂ ಇಳಿಯುವುದಿಲ್ಲ. ಕೆರೆಯುವ ಉಪಕರಣದ ಮೂಲೆಯಿಂದ ಬಿರುಕನ್ನು ಇಂಗ್ಲಿಷಿನ ವಿ ಅಕ್ಷರದಂತೆ ಅಗಲಿಸಿ, ಬ್ರಷ್‌ನಿಂದ ಧೂಳು ತೆಗೆದು, ಆಮೇಲೆ ಫಿಲ್ಲರ್ ಒತ್ತಿ ತುಂಬಿದೆ. ಆಳವಾದ ಕಡೆ ಎರಡು ಸಲಕ್ಕೆ ತುಂಬಬೇಕು, ಏಕೆಂದರೆ ದಪ್ಪಗೆ ಹಾಕಿದ ಫಿಲ್ಲರ್ ಒಣಗುವಾಗ ಕುಗ್ಗುತ್ತದೆ.

ಗಿಲಾವು ಎಲ್ಲೆಲ್ಲಿ ಗೋಡೆಯನ್ನು ಬಿಟ್ಟಿದೆ ಎಂಬುದನ್ನು ಕಿವಿಯೇ ಹೇಳುತ್ತದೆ. ಕರಣೆಯ ಹಿಡಿಯಿಂದ ಮೆಲ್ಲಗೆ ತಟ್ಟುತ್ತಾ ಹೋದರೆ ಗಟ್ಟಿ ಇರುವ ಕಡೆ ಮೊನಚಾದ ಸದ್ದು, ಸಡಿಲವಾದ ಕಡೆ ಟೊಳ್ಳು ಸದ್ದು. ಟೊಳ್ಳಾದ ಭಾಗದ ಸುತ್ತ ಸೀಮೆಸುಣ್ಣದಿಂದ ಗುರುತು ಮಾಡಿ, ಉಳಿಯಿಂದ ಅಂಚುಗಳನ್ನು ಚೌಕವಾಗಿ ಕತ್ತರಿಸಿ ತೆಗೆದೆ. ಇಟ್ಟಿಗೆಯ ಸಂದುಗಳನ್ನು ಸುಮಾರು ಒಂದು ಸೆಂಟಿಮೀಟರ್ ಆಳಕ್ಕೆ ಕೆದಕಿದರೆ ಹೊಸ ಗಾರೆಗೆ ಹಿಡಿತ ಸಿಗುತ್ತದೆ. ಜರಡಿ ಹಿಡಿದ ಮರಳು ನಾಲ್ಕು ಪಾಲು, ಸಿಮೆಂಟ್ ಒಂದು ಪಾಲು. ಎರಡನ್ನೂ ಬಣ್ಣ ಒಂದಾಗುವವರೆಗೆ ಒಣಗಿದ್ದಂತೆಯೇ ಕಲಸಿ ಆಮೇಲೆ ನೀರು. ಅರ್ಧ ಗಂಟೆಯೊಳಗೆ ಮುಗಿಯುವಷ್ಟನ್ನೇ ಒಂದು ಸಲಕ್ಕೆ ಕಲಸಬೇಕು. ಬಿಗಿಯತೊಡಗಿದ ಗಾರೆಗೆ ಮತ್ತೆ ನೀರು ಬೆರೆಸಿ ಸಡಿಲ ಮಾಡುವುದು ಎಲ್ಲೆಡೆ ಕಾಣುವ ಅಭ್ಯಾಸ. ಅಂಥ ಗಾರೆಗೆ ಬಲ ಬರುವುದಿಲ್ಲ. ಗಾರೆ ಹಚ್ಚುವ ಮುನ್ನ ಇಟ್ಟಿಗೆಯನ್ನು ಚೆನ್ನಾಗಿ ನೆನೆಸಿ, ಮೇಲೆ ನೀರು ಹೊಳೆಯುವುದು ಹೋಗುವವರೆಗೆ ಕಾಯಬೇಕು. ಇಲ್ಲವಾದರೆ ಒಣ ಇಟ್ಟಿಗೆ ಗಾರೆಯ ನೀರನ್ನೆಲ್ಲ ಹೀರಿಬಿಡುತ್ತದೆ. ಗಿಲಾವನ್ನು ಎರಡು ಪದರದಲ್ಲಿ ಹಾಕಿ, ಮಟ್ಟಗೋಲಿನಿಂದ ಎಳೆದು, ನೆನೆದ ಗೋಣಿಯನ್ನು ಇಳಿಬಿಟ್ಟು ಏಳು ದಿನ ತೇವ ಆರದಂತೆ ನೋಡಿಕೊಂಡೆ. ಒಂದು ಎಚ್ಚರಿಕೆ: ಸುಣ್ಣದ ಗಾರೆಯಿಂದ ಕಟ್ಟಿದ ಹಳೆಯ ಗೋಡೆಗೆ ಈ ಸಿಮೆಂಟ್ ಗಿಲಾವು ಸಲ್ಲದು. ಅದು ತೇವವನ್ನು ಒಳಗೇ ಬಂಧಿಸಿ ಮೆದುವಾದ ಇಟ್ಟಿಗೆಯ ಮೈಯನ್ನೇ ಸುಲಿದು ಹಾಕುತ್ತದೆ. ಅಲ್ಲಿ ಸುಣ್ಣದ ಗಾರೆಯೇ ಆಗಬೇಕು.

ಕಿಟಕಿಯ ಮೇಲಿನ ಸಜ್ಜಾದ ಅಡಿಯಲ್ಲಿ, ಹೊರ ಅಂಚಿನಿಂದ ಸ್ವಲ್ಪ ಒಳಗೆ, ಉದ್ದಕ್ಕೂ ಒಂದು ಸಣ್ಣ ತೋಡನ್ನು ಕೊರೆದುದು ಇಡೀ ಕೆಲಸದಲ್ಲಿ ಅತಿ ಕಡಿಮೆ ಶ್ರಮಕ್ಕೆ ಅತಿ ಹೆಚ್ಚು ಫಲ ಕೊಟ್ಟ ಭಾಗ. ಅಂಚಿನಿಂದ ತಿರುಗಿ ಅಡಿಭಾಗವನ್ನು ಅಂಟಿಕೊಂಡು ಗೋಡೆಯ ಕಡೆಗೆ ಹರಿಯುವ ನೀರು ಆ ತೋಡನ್ನು ದಾಟಲಾರದೆ ಅಲ್ಲಿಯೇ ಹನಿಯಾಗಿ ಕೆಳಗೆ ಬೀಳುತ್ತದೆ. ಏಣಿಯನ್ನು ನಾಲ್ಕು ಅಡಿ ಎತ್ತರಕ್ಕೆ ಒಂದು ಅಡಿಯಂತೆ ಬುಡವನ್ನು ಹೊರಕ್ಕಿಟ್ಟು ನಿಲ್ಲಿಸಿ, ಕೆಳಗೆ ಒಬ್ಬರು ಹಿಡಿದುಕೊಂಡಿದ್ದಾಗ ಮಾತ್ರ ಹತ್ತಿದೆ. ಬಣ್ಣದ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಹೊಸ ಗಿಲಾವಿನ ಕ್ಷಾರ ಇಳಿಯಲು ನಾಲ್ಕು ವಾರ ಬಿಟ್ಟು, ಪ್ರೈಮರ್ ಹಚ್ಚಿ, ನೇರ ಬಿಸಿಲು ಬೀಳದ ಹೊತ್ತಿನಲ್ಲಿ ಹೊರಗೋಡೆಯ ಎಮಲ್ಷನ್ನನ್ನು ಎರಡು ಸಲ ಬಳಿದೆ.

ಇನ್ನು ಅಗೆದು ಹಾಕಿದ ಮಣ್ಣಿನ ರಾಶಿ. ಅದನ್ನು ಹಾಗೆಯೇ ತರಕಾರಿ ಮಡಿಗೆ ತುಂಬಲಿಲ್ಲ. ಹಳೆಯ ಗೋಡೆಯ ಬುಡದ ಮಣ್ಣಿನಲ್ಲಿ ವರ್ಷಗಳಿಂದ ಉದುರಿದ ಬಣ್ಣದ ಸೀಸ ಸೇರಿರಬಹುದಾದ್ದರಿಂದ, ಗೋಡೆಗೆ ತೀರಾ ಹತ್ತಿರದ ಮಣ್ಣನ್ನು ಬೇರೆಯಿಟ್ಟು ಹೂಗಿಡಗಳಿಗೆ ಮಾತ್ರ ಬಳಸಿದೆ. ಉಳಿದ ಮಣ್ಣಿನ ಒಂದು ಹಿಡಿಯ ಮೇಲೆ ವಿನಿಗರ್ ಸುರಿದಾಗ ಬುಸುಬುಸು ನೊರೆ ಬಂದಿತು. ಸುಣ್ಣ, ಸಿಮೆಂಟಿನ ಚೂರುಗಳು ಬೆರೆತಿವೆ ಎಂದರ್ಥ. ಅಂಥ ಕ್ಷಾರ ಮಣ್ಣಿನಲ್ಲಿ ಕಬ್ಬಿಣದ ಅಂಶವಿದ್ದರೂ ಬೇರಿಗೆ ದಕ್ಕುವುದಿಲ್ಲ, ಎಳೆಯ ಎಲೆಗಳು ನರ ಮಾತ್ರ ಹಸಿರಾಗುಳಿದು ಹಳದಿಯಾಗುತ್ತವೆ. ಹಾಗಾಗಿ ಪೂರ್ತಿ ರಾಶಿಯನ್ನು ಜರಡಿ ಹಿಡಿದು ಚೂರುಗಳನ್ನು ತೆಗೆದೆ. ಬಳಿಕ ಗಾಜಿನ ಬಾಟಲಿಯಲ್ಲಿ ಮೂರನೇ ಒಂದು ಪಾಲು ಮಣ್ಣು, ಮೇಲೆ ನೀರು ತುಂಬಿ ಕುಲುಕಿ ಇಟ್ಟೆ. ಮರಳು ಒಂದು ನಿಮಿಷದೊಳಗೆ ತಳ ಸೇರಿತು. ಅದರ ಮೇಲೆ ಕೆಲವು ಗಂಟೆಗಳಲ್ಲಿ ಗೋಡುಮಣ್ಣು ಕೂತಿತು. ಜೇಡಿ ಮಾತ್ರ ಮರುದಿನವೂ ನೀರನ್ನು ಕದಡಿಯೇ ಇಟ್ಟಿತ್ತು. ಪದರಗಳನ್ನು ಅಳತೆಪಟ್ಟಿಯಿಂದ ಅಳೆದಾಗ ಜೇಡಿಯ ಪಾಲೇ ದೊಡ್ಡದು. ಸಸಿಗಳ ಬೇರು ಕೊಳೆಯುತ್ತಿದ್ದುದಕ್ಕೆ ವಿವರಣೆ ಆ ಬಾಟಲಿಯಲ್ಲೇ ಇತ್ತು. ಜೇಡಿಗೆ ಮರಳು ಬೆರೆಸಿ ಸಡಿಲ ಮಾಡುತ್ತೇನೆಂದು ಹೊರಡುವುದು ವ್ಯರ್ಥ ಶ್ರಮ, ಏಕೆಂದರೆ ಅಲ್ಪ ಸ್ವಲ್ಪ ಮರಳು ಸೇರಿದರೆ ಅದು ಇನ್ನಷ್ಟು ಗಟ್ಟಿಯೇ ಆಗುತ್ತದೆ, ಬೇಕಾದುದು ಕಾಂಪೋಸ್ಟ್.

ಹೀಗಾಗಿ ತಗ್ಗಿನ ಅಂಚಿನಲ್ಲಿ ನಾಲ್ಕು ಅಡಿ ಅಗಲ, ಹತ್ತು ಅಂಗುಲ ಎತ್ತರದ ಏರುಮಡಿಗಳನ್ನು ಮಾಡಿದೆ. ಎರಡೂ ಬದಿಯಿಂದ ಕೈ ನಡುವಿಗೆ ಎಟುಕುವುದರಿಂದ ಮಡಿಯನ್ನು ತುಳಿಯುವ ಪ್ರಮೇಯವೇ ಬರುವುದಿಲ್ಲ. ಮಡಿಗಳು ನೀರಿನ ಹರಿವಿಗೆ ಅಡ್ಡಗಟ್ಟೆಯಾದರೆ ನೀರು ಮತ್ತೆ ಮನೆಯ ಕಡೆಗೆ ಹಿಮ್ಮೆಟ್ಟುತ್ತದೆಯಾದ್ದರಿಂದ ಅವುಗಳ ನಡುವಿನ ದಾರಿಗಳನ್ನು ಇಳಿಜಾರಿನ ದಿಕ್ಕಿನಲ್ಲೇ ಬಿಟ್ಟೆ. ಕಾಂಪೋಸ್ಟಿಗೆ ಒಣ ತರಗೆಲೆಯನ್ನು ಹೆಚ್ಚಾಗಿ, ಹಸಿರು ಕಸವನ್ನು ಅದಕ್ಕಿಂತ ಕಡಿಮೆಯಾಗಿ ಪದರ ಪದರವಾಗಿ ಹಾಕಿ ಮೂರು ಅಡಿ ಉದ್ದ, ಅಗಲ, ಎತ್ತರದ ರಾಶಿ ಮಾಡಿದೆ. ಇದಕ್ಕಿಂತ ಚಿಕ್ಕ ರಾಶಿ ಕಾವು ಹಿಡಿದಿಟ್ಟುಕೊಳ್ಳುವುದಿಲ್ಲ. ಒಂದು ಹಿಡಿಯನ್ನು ಹಿಂಡಿದರೆ ಒಂದೆರಡು ಹನಿಯಷ್ಟೇ ಇಳಿಯಬೇಕು. ಒಳಗಿನ ಕಾವು 55 ಡಿಗ್ರಿ ಸೆಲ್ಸಿಯಸ್ ದಾಟಿದರೆ ಕಳೆಯ ಬೀಜಗಳೂ ಸಾಯುತ್ತವೆ.

ಮಡಿಗಳ ಮೇಲೆ ಎರಡು ಮೂರು ಅಂಗುಲ ಒಣ ಎಲೆಯ ಹೊದಿಕೆಯನ್ನು, ಕಾಂಡಕ್ಕೆ ತಾಗದಂತೆ ಹರಡಿದ್ದೇನೆ. ಗೋಡೆಯ ಬದಿಯ ಜಲ್ಲಿಯ ಪಟ್ಟಿಗೆ ಮಾತ್ರ ಎಲೆಯನ್ನು ಸೇರಗೊಡುವುದಿಲ್ಲ: ಅಲ್ಲಿ ಕೊಳೆತ ಎಲೆ ಮಣ್ಣಾಗಿ ಮತ್ತೆ ಪ್ಲಿಂತ್‌ಗೆ ಏರುತ್ತದೆ, ಗೆದ್ದಲಿಗೂ ಮರೆಯಾಗುತ್ತದೆ. ಮಳೆಗಾಲಕ್ಕೆ ಮೊದಲು ಪ್ರತಿ ವರ್ಷ ಆ ಪಟ್ಟಿಯನ್ನು ಗುಡಿಸಿ, ಪ್ಲಿಂತ್‌ನ ಅಂಚಿನಿಂದ ನೆಲದವರೆಗೆ ಅಳತೆಪಟ್ಟಿ ಹಿಡಿದು ಅರ್ಧ ಅಡಿ ಉಳಿದಿದೆಯೇ ಎಂದು ನೋಡುತ್ತೇನೆ. ಕಡಿಮೆಯಾಗಿದ್ದರೆ ಅಷ್ಟನ್ನು ಕೆರೆದು ಹೂಗಿಡಗಳಿಗೆ ಹಾಕುತ್ತೇನೆ.